ತಾರೆಯನ್ನು ಹೊರಗೆ ಕೂರಿಸಿದ ದಿನ

2000ದ ಫೆಬ್ರವರಿ 20ರಂದು ಲೀಡ್ಸ್ ನಗರದ ಎಲಂಡ್ ರೋಡ್ ಕ್ರೀಡಾಂಗಣದಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಅಂಕಪಟ್ಟಿಯ ಮೊದಲೆರಡು ಸ್ಥಾನಗಳಲ್ಲಿದ್ದ ತಂಡಗಳು ಎದುರಾದವು. ಟಿ.ವಿ. ಕ್ಯಾಮೆರಾ ಮಾತ್ರ ಆಗಾಗ ಚೆಂಡನ್ನು ಬಿಟ್ಟು ಪ್ರೇಕ್ಷಕರ ಸಾಲಿನತ್ತ ಹೊರಳುತ್ತಿತ್ತು. ಅಲ್ಲಿ ಡೇವಿಡ್ ಬೆಕಂ ಕುಳಿತಿದ್ದರು. ಅವರಿಗೆ ಗಾಯವಾಗಿರಲಿಲ್ಲ, ಫುಟ್‌ಬಾಲ್ ಸಂಸ್ಥೆಯ ನಿಷೇಧವೂ ಇರಲಿಲ್ಲ. ಎರಡು ದಿನಗಳ ಹಿಂದೆ ಮಗುವಿಗೆ ಹುಷಾರಿಲ್ಲವೆಂದು ಅವರು ಅಭ್ಯಾಸಕ್ಕೆ ಬಂದಿರಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಆ ಕಾರಣವನ್ನು ಒಪ್ಪಲಿಲ್ಲ. ಎರಡು ವಾರಗಳ ಸಂಬಳವನ್ನು ದಂಡವಾಗಿ ಹಾಕಿ, ಬದಲಿ ಆಟಗಾರರ ಪಟ್ಟಿಯಲ್ಲೂ ಹೆಸರಿಲ್ಲದಂತೆ ಮಾಡಿದರು. ಯುನೈಟೆಡ್ ಆ್ಯಂಡಿ ಕೋಲ್ ಹೊಡೆದ ಒಂದೇ ಗೋಲಿನಿಂದ ಗೆದ್ದಿತು.

ಆ ಒಂದು ಗೋಲನ್ನು ತೆಗೆದು ನೋಡಿದರೆ ಕಥೆಯೇ ಬದಲಾಗುತ್ತದೆ. ತಂಡ ಸೋತಿದ್ದರೆ ಮರುದಿನದ ಪತ್ರಿಕೆಗಳಲ್ಲಿ ಅಪರಾಧಿಯ ಸ್ಥಾನದಲ್ಲಿ ಫರ್ಗ್ಯುಸನ್ ನಿಲ್ಲುತ್ತಿದ್ದರು. ತಾರಾ ಆಟಗಾರನನ್ನು ಎಲ್ಲರೆದುರು ಶಿಕ್ಷಿಸುವ ಮ್ಯಾನೇಜರ್ ತನ್ನ ಕುರ್ಚಿಯನ್ನೂ ಪಣಕ್ಕಿಟ್ಟಿರುತ್ತಾನೆ. ಅವನ ಮಾತು ನಡೆಯಬೇಕಾದರೆ ಮುಂದಿನ ಪಂದ್ಯ ಗೆಲ್ಲಬೇಕು, ಕ್ಲಬ್‌ನ ಮಾಲೀಕರು ಬೆನ್ನಿಗೆ ನಿಲ್ಲಬೇಕು, ಡ್ರೆಸ್ಸಿಂಗ್ ರೂಮಿನಲ್ಲಿ ಉಳಿದ ಆಟಗಾರರು ‘ಇದು ನ್ಯಾಯ’ ಎಂದು ಒಪ್ಪಬೇಕು. ಕಳೆದ ಅರವತ್ತು ವರ್ಷಗಳ ಇತಿಹಾಸದಲ್ಲಿ ಈ ಮೂರೂ ಒಟ್ಟಿಗೆ ಕೂಡಿಬಂದ ಸಂದರ್ಭಗಳು ಕಡಿಮೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಮ್ಯಾನೇಜರ್ ಎಂಬ ಹುದ್ದೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ತಂಡವನ್ನು ಆರಿಸುವುದು ಆಯ್ಕೆ ಸಮಿತಿ, ಮೈದಾನದಲ್ಲಿ ನಡೆಸುವುದು ನಾಯಕ, ತರಬೇತಿ ಕೊಡುವುದು ಕೋಚ್. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಬಹುಕಾಲ ಈ ಮೂರು ಕೆಲಸಗಳೂ ಒಬ್ಬನದೇ ಆಗಿದ್ದವು. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂಬುದರಲ್ಲೂ ಅವನ ಮಾತೇ ಕೊನೆಯದು. ಫರ್ಗ್ಯುಸನ್ 1986ರಿಂದ 2013ರವರೆಗೆ ಇಂತಹ ಅಧಿಕಾರವನ್ನು ಹಿಡಿದುಕೊಂಡು 13 ಲೀಗ್ ಪ್ರಶಸ್ತಿಗಳನ್ನು ಗೆದ್ದರು.

ಈ ಅಧಿಕಾರಕ್ಕೆ ಹಳೆಯ ಬೇರುಗಳಿವೆ. 1961ರ ಜನವರಿಯವರೆಗೆ ಇಂಗ್ಲೆಂಡಿನಲ್ಲಿ ಆಟಗಾರನೊಬ್ಬ ಎಷ್ಟೇ ಪ್ರತಿಭಾವಂತನಾಗಿದ್ದರೂ ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಸಂಬಳ ಪಡೆಯುವಂತಿರಲಿಲ್ಲ. ಒಪ್ಪಂದ ಮುಗಿದ ಮೇಲೂ ಅವನ ನೋಂದಣಿ ಕ್ಲಬ್‌ನ ಕೈಯಲ್ಲೇ ಉಳಿಯುತ್ತಿತ್ತು. ಕ್ಲಬ್ ಬಿಟ್ಟುಕೊಡದಿದ್ದರೆ ಬೇರೆಲ್ಲೂ ಆಡುವ ಹಾಗಿಲ್ಲ. ನ್ಯೂಕ್ಯಾಸಲ್‌ನ ಜಾರ್ಜ್ ಈಸ್ಟಂ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಇದು ದುಡಿಯುವವನ ಹಕ್ಕಿನ ಮೇಲೆ ಹೇರಿದ ಅನುಚಿತ ನಿರ್ಬಂಧ ಎಂದು 1963ರಲ್ಲಿ ತೀರ್ಪು ಬಂತು. ಅದಕ್ಕೆ ಮೊದಲು ಆಟಗಾರನನ್ನು ಬಗ್ಗಿಸಲು ಬಹಿರಂಗ ಶಿಕ್ಷೆಯ ಅಗತ್ಯವೇ ಇರಲಿಲ್ಲ. ವ್ಯವಸ್ಥೆಯೇ ಅವನನ್ನು ಬಗ್ಗಿಸಿ ಇಟ್ಟಿತ್ತು. ‘ಹಳೆಯ ಕಾಲದ ಶಿಸ್ತು’ ಎಂದು ಹಂಬಲಿಸುವವರು ಇದನ್ನು ಮರೆಯಬಾರದು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಸಣ್ಣ ಬದಲಾವಣೆಯೂ ಆ ದಶಕದಲ್ಲೇ ಆಯಿತು. ಇಂಗ್ಲಿಷ್ ಲೀಗ್‌ನಲ್ಲಿ ಬದಲಿ ಆಟಗಾರನನ್ನು ಇಳಿಸಲು ಮೊದಲ ಬಾರಿ ಅವಕಾಶ ಸಿಕ್ಕಿದ್ದು 1965ರಲ್ಲಿ, ಅದೂ ಗಾಯವಾದಾಗ ಮಾತ್ರ. ಸ್ವಲ್ಪ ಕಾಲದಲ್ಲೇ ಆ ಷರತ್ತು ಹೋಯಿತು. ಅಲ್ಲಿಯವರೆಗೆ ಆಟಗಾರ ಹನ್ನೊಂದರಲ್ಲಿ ಒಬ್ಬನಾಗಿರುತ್ತಿದ್ದ, ಇಲ್ಲವೇ ಲೆಕ್ಕದಲ್ಲೇ ಇರುತ್ತಿರಲಿಲ್ಲ. ನಡುವೆ ಬದಲಿ ಆಟಗಾರರು ಕೂರುವ ಬೆಂಚು ಬಂದ ಮೇಲೆ ಅವಮಾನಕ್ಕೂ ಒಂದು ಆಸನ ಸಿಕ್ಕಿತು. ಮುಂದೆ ನೋಡುವ ಜಗಳಗಳಲ್ಲಿ ಕೆಲವು ಈ ಬೆಂಚಿನ ಸುತ್ತಲೇ ನಡೆದವು.

ಸಂಬಳದ ಮಿತಿ ಹೋದ ಮೇಲೆ ಬಂದ ಮೊದಲ ದೊಡ್ಡ ತಾರೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಜಾರ್ಜ್ ಬೆಸ್ಟ್. 1968ರಲ್ಲಿ ಯುರೋಪಿನ ಅತ್ಯುತ್ತಮ ಆಟಗಾರ ಎನಿಸಿಕೊಂಡ ಅವರು 1971ರ ಜನವರಿಯಲ್ಲಿ ಚೆಲ್ಸಿ ವಿರುದ್ಧದ ಪಂದ್ಯಕ್ಕೆ ಲಂಡನ್ನಿಗೆ ಹೊರಟ ತಂಡದ ರೈಲನ್ನು ತಪ್ಪಿಸಿಕೊಂಡರು. ನಂತರದ ರೈಲಿನಲ್ಲಿ ಲಂಡನ್ ತಲುಪಿದರೂ ತಂಡವನ್ನು ಸೇರಲಿಲ್ಲ. ಅವರು ತಂಗಿದ್ದ ಮನೆಯ ಹೊರಗೆ ಪತ್ರಕರ್ತರು ಮುತ್ತಿದರು. ಮ್ಯಾನೇಜರ್ ಮ್ಯಾಟ್ ಬಸ್ಬಿ ಬೆಸ್ಟ್ ಅವರನ್ನು ಎರಡು ವಾರ ಅಮಾನತು ಮಾಡಿದರು. ಬಸ್ಬಿ ಬೆಸ್ಟ್ ಅವರನ್ನು ಹುಡುಗನಾಗಿದ್ದಾಗಿನಿಂದ ಸಾಕಿ ಬೆಳೆಸಿದವರು, ತಂದೆಯಂತೆ ನಡೆದುಕೊಂಡವರು. ಆ ಪ್ರೀತಿಯೇ ಕೈ ಕಟ್ಟಿಹಾಕಿತು. ಅನಂತರ ಬಂದ ಫ್ರ್ಯಾಂಕ್ ಓಫ್ಯಾರೆಲ್ ದಂಡ ಹಾಕಿದರು, ಮಾರಾಟಕ್ಕಿಟ್ಟರು, ಏನೂ ನಾಟಲಿಲ್ಲ. 1972ರ ಡಿಸೆಂಬರ್‌ನಲ್ಲಿ ಓಫ್ಯಾರೆಲ್ ಅವರನ್ನೇ ಕ್ಲಬ್ ಕಿತ್ತುಹಾಕಿತು. ಮುಂದಿನ ಮ್ಯಾನೇಜರ್ ಟಾಮಿ ಡಾಕರ್ಟಿ ಬೆಸ್ಟ್ ಅವರನ್ನು ಮರಳಿ ಕರೆತಂದರಾದರೂ 1974ರ ಜನವರಿ ಒಂದರ ಪಂದ್ಯವೇ ಯುನೈಟೆಡ್ ಪರ ಅವರ ಕೊನೆಯ ಪಂದ್ಯವಾಯಿತು. ಆಗ ಅವರಿಗೆ 27 ವರ್ಷ. ಕುಡಿತ ಆ ಮನುಷ್ಯನನ್ನು ಒಳಗಿನಿಂದ ತಿನ್ನುತ್ತಿತ್ತು. ಅದಕ್ಕೆ ಬೇಕಿದ್ದದ್ದು ಚಿಕಿತ್ಸೆ, ಸಿಕ್ಕಿದ್ದು ಅಮಾನತು ಮತ್ತು ಪತ್ರಿಕೆಯ ತಲೆಬರಹ. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವ ಭಾಗ ಇದು.

ಫರ್ಗ್ಯುಸನ್ ಯುನೈಟೆಡ್‌ಗೆ ಬಂದಾಗ ಅಲ್ಲಿನ ಕುಡಿತದ ಸಂಸ್ಕೃತಿ ಹಾಗೆಯೇ ಉಳಿದಿತ್ತು. 1989ರಲ್ಲಿ ಪಾಲ್ ಮೆಗ್ರಾತ್ ಮತ್ತು ನಾರ್ಮನ್ ವೈಟ್‌ಸೈಡ್ ಎಂಬ ಅಭಿಮಾನಿಗಳ ಕಣ್ಮಣಿಗಳಿಬ್ಬರನ್ನೂ ಅವರು ಮಾರಿದರು. ಮ್ಯಾನೇಜರ್‌ಗಿಂತ ದೊಡ್ಡವರು ಯಾರೂ ಡ್ರೆಸ್ಸಿಂಗ್ ರೂಮಿನಲ್ಲಿ ಇರಕೂಡದು ಎಂಬುದು ಅವರ ನಿಲುವು. 2003ರ ಫೆಬ್ರವರಿಯಲ್ಲಿ ಆರ್ಸೆನಲ್ ಎದುರು ಸೋತ ಮೇಲೆ ಅವರು ಕಾಲಿನಿಂದ ಒದ್ದ ಬೂಟು ಬೆಕಂ ಹುಬ್ಬಿಗೆ ತಗುಲಿತು. ಆ ಗಾಯ ಕಾಣುವಂತೆ ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡ ಬೆಕಂ ಚಿತ್ರ ಜಗತ್ತೆಲ್ಲ ಹರಡಿತು. ಶಿಕ್ಷೆಗೊಳಗಾದವನೂ ಕ್ಯಾಮೆರಾ ಮೂಲಕ ಉತ್ತರ ಕೊಡಬಲ್ಲ ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು. ಆ ಬೇಸಿಗೆಯಲ್ಲೇ ಬೆಕಂ ರಿಯಲ್ ಮ್ಯಾಡ್ರಿಡ್ ಸೇರಿದರು.

ನಾಯಕ ರಾಯ್ ಕೀನ್ ಸರದಿ 2005ರಲ್ಲಿ ಬಂತು. ಮಿಡಲ್ಸ್‌ಬರೊ ಎದುರು 4-1ರಿಂದ ಸೋತ ನಂತರ ಅವರು ಕ್ಲಬ್‌ನ ಸ್ವಂತ ಟಿ.ವಿ. ವಾಹಿನಿಗೆ ಕೊಟ್ಟ ಸಂದರ್ಶನದಲ್ಲಿ ಸಹ ಆಟಗಾರರ ಮೇಲೆ ಹರಿಹಾಯ್ದರು. ಕ್ಲಬ್ ಅದನ್ನು ಪ್ರಸಾರವಾಗಲು ಬಿಡಲಿಲ್ಲ. ನವೆಂಬರ್ 18ರಂದು, ಹನ್ನೆರಡು ವರ್ಷಗಳ ಸೇವೆಯ ನಂತರ, ಕೀನ್ ಹೊರನಡೆದರು. ಫರ್ಗ್ಯುಸನ್‌ಗೆ ಇದು ಸಾಧ್ಯವಾದದ್ದು ಕಠಿಣ ಸ್ವಭಾವ ಒಂದರಿಂದಲೇ ಅಲ್ಲ. ಒಬ್ಬ ತಾರೆ ಹೋಗುವ ಹೊತ್ತಿಗೆ ಇನ್ನೊಬ್ಬ ಸಿದ್ಧನಾಗಿರುವಂತೆ ಅವರು ನೋಡಿಕೊಳ್ಳುತ್ತಿದ್ದರು. ಬೆಕಂ ಹೋದ ಬೇಸಿಗೆಯಲ್ಲಿ ಲಿಸ್ಬನ್‌ನಿಂದ 18ರ ಹುಡುಗನೊಬ್ಬ ಬಂದ. ಹೆಸರು ಕ್ರಿಸ್ಟಿಯಾನೊ ರೊನಾಲ್ಡೊ.

ಇದೇ ಫರ್ಗ್ಯುಸನ್ ತಮ್ಮ ತಂಡದ ಫ್ರೆಂಚ್ ಆಟಗಾರ ಎರಿಕ್ ಕ್ಯಾಂಟೊನಾ ವಿಷಯದಲ್ಲಿ ಬೇರೆಯೇ ಮನುಷ್ಯ. 1995ರ ಜನವರಿ 25ರಂದು ಲಂಡನ್ನಿನ ಸೆಲ್‌ಹರ್ಸ್ಟ್ ಪಾರ್ಕ್ ಕ್ರೀಡಾಂಗಣದಲ್ಲಿ ಕೆಂಪು ಕಾರ್ಡ್ ಪಡೆದು ಹೊರಹೋಗುತ್ತಿದ್ದ ಕ್ಯಾಂಟೊನಾ, ನಿಂದಿಸಿದ ಪ್ರೇಕ್ಷಕನೊಬ್ಬನ ಮೇಲೆ ಎಗರಿ ಒದ್ದರು. ಅಭ್ಯಾಸ ತಪ್ಪಿಸಿದ್ದಕ್ಕಿಂತ ಇದು ಎಷ್ಟೋ ಪಾಲು ದೊಡ್ಡ ತಪ್ಪು. ಸೆಪ್ಟೆಂಬರ್ ಕೊನೆಯವರೆಗೆ ನಿಷೇಧ ಬಿತ್ತು, ನ್ಯಾಯಾಲಯ 120 ಗಂಟೆಗಳ ಸಮುದಾಯ ಸೇವೆ ವಿಧಿಸಿತು. ಮನನೊಂದು ಇಂಗ್ಲೆಂಡ್ ಬಿಡಲು ಹೊರಟಿದ್ದ ಅವರನ್ನು ಉಳಿಸಿಕೊಳ್ಳಲು ಫರ್ಗ್ಯುಸನ್ ಪ್ಯಾರಿಸ್‌ವರೆಗೆ ಹೋಗಿ ಮಾತನಾಡಿದರು. ಮರಳಿ ಬಂದ ಕ್ಯಾಂಟೊನಾ ಆ ಋತುವಿನಲ್ಲಿ ಲೀಗ್ ಮತ್ತು ಎಫ್‌.ಎ. ಕಪ್ ಎರಡನ್ನೂ ಗೆದ್ದುಕೊಟ್ಟರು. ಪಕ್ಷಪಾತವೆಂದು ಕರೆಯಬಹುದು. ಆದರೆ ಕ್ಯಾಂಟೊನಾ ಮ್ಯಾನೇಜರ್‌ನ ಅಧಿಕಾರವನ್ನು ಎಂದೂ ಕೆಣಕಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಫರ್ಗ್ಯುಸನ್ ಶಿಕ್ಷಿಸುತ್ತಿದ್ದದ್ದು ತಪ್ಪನ್ನಲ್ಲ, ಎದುರುನಿಲ್ಲುವಿಕೆಯನ್ನು.

1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಬಾಸ್ಮನ್ ಅವರ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ ತಕ್ಕಡಿ ಪೂರ್ತಿ ವಾಲಿತು. ಒಪ್ಪಂದ ಮುಗಿದ ಆಟಗಾರ ಯಾವ ವರ್ಗಾವಣೆ ಶುಲ್ಕವೂ ಇಲ್ಲದೆ ಬೇರೆ ಕ್ಲಬ್ ಸೇರಬಹುದಾಯಿತು. ಸಂಬಳ ಏರಿತು, ಏಜೆಂಟರ ಬಲ ಹೆಚ್ಚಿತು. ಕೋಟಿಗಟ್ಟಲೆ ಕೊಟ್ಟು ತಂದವನನ್ನು ಮೂಲೆಗೆ ತಳ್ಳಿದರೆ ಅವನ ಮಾರುಕಟ್ಟೆಯ ಬೆಲೆ ಕುಸಿಯುತ್ತದೆ. ಕುಸಿದ ಬೆಲೆಯ ನಷ್ಟ ಮಾಲೀಕರದು.

ಇದು ಅತ್ಯಂತ ಸ್ಪಷ್ಟವಾಗಿ ಕಂಡದ್ದು 2011ರ ಸೆಪ್ಟೆಂಬರ್ 27ರಂದು ಮ್ಯೂನಿಕ್‌ನಲ್ಲಿ. ಬೇಯರ್ನ್ ಎದುರು ಮ್ಯಾಂಚೆಸ್ಟರ್ ಸಿಟಿ 2-0ರಿಂದ ಹಿಂದಿತ್ತು. ಬೆಂಚಿನಲ್ಲಿದ್ದ ಅರ್ಜೆಂಟೀನಾದ ಕಾರ್ಲೊಸ್ ಟೆವೆಜ್ ಮೈದಾನಕ್ಕಿಳಿಯಲು ನಿರಾಕರಿಸಿದರು ಎಂದು ಮ್ಯಾನೇಜರ್ ರೊಬೆರ್ಟೊ ಮ್ಯಾಂಚಿನಿ ಪಂದ್ಯ ಮುಗಿಯುತ್ತಲೇ ಕ್ಯಾಮೆರಾಗಳ ಮುಂದೆ ಘೋಷಿಸಿದರು. ತನ್ನ ಪಾಲಿಗೆ ಟೆವೆಜ್ ಕಥೆ ಮುಗಿಯಿತು ಎಂದೂ ಸಾರಿದರು. ತಾನು ನಿರಾಕರಿಸಲಿಲ್ಲ, ಬೆಂಚಿನಲ್ಲಿ ಗೊಂದಲವಾಯಿತು ಎಂದು ಟೆವೆಜ್ ವಾದಿಸಿದರು. ಕ್ಲಬ್ ವಿಚಾರಣೆ ನಡೆಸಿ ನಾಲ್ಕು ವಾರಗಳ ಸಂಬಳ ಕಡಿಯಲು ಹೊರಟಿತು. ಇಂಗ್ಲೆಂಡಿನಲ್ಲಿ ಎರಡು ವಾರಗಳ ಸಂಬಳಕ್ಕಿಂತ ಹೆಚ್ಚು ದಂಡ ಹಾಕಲು ಆಟಗಾರರ ಸಂಘದ ಒಪ್ಪಿಗೆ ಬೇಕು. ಸಂಘ ಒಪ್ಪಲಿಲ್ಲ, ದಂಡ ಅರ್ಧಕ್ಕಿಳಿಯಿತು. ನವೆಂಬರ್‌ನಲ್ಲಿ ಟೆವೆಜ್ ಅನುಮತಿಯಿಲ್ಲದೆ ತವರಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿದರು.

ಕೊನೆಗೆ ಇಬ್ಬರೂ ತಗ್ಗಬೇಕಾಯಿತು. ಫೆಬ್ರವರಿಯಲ್ಲಿ ಟೆವೆಜ್ ಕ್ಷಮೆ ಕೇಳಿದರು. ಲೀಗ್ ಪೈಪೋಟಿಯಲ್ಲಿ ಅಂಕಗಳಿಗಾಗಿ ತಡಕಾಡುತ್ತಿದ್ದ ಮ್ಯಾಂಚಿನಿ ಮಾರ್ಚ್ 21ರಂದು ಚೆಲ್ಸಿ ಎದುರು ಅವರನ್ನು ಬದಲಿಯಾಗಿ ಇಳಿಸಿದರು. ಗೆಲುವಿನ ಗೋಲು ಹೊಡೆದ ಸಮೀರ್ ನಸ್ರಿಗೆ ಚೆಂಡು ಒದಗಿಸಿದ್ದು ಅದೇ ಟೆವೆಜ್. ಮುಂದಿನ ತಿಂಗಳು ನಾರ್ವಿಚ್ ಎದುರು ಹ್ಯಾಟ್ರಿಕ್. ಅಂಕಗಳು ಯುನೈಟೆಡ್‌ಗೆ ಸಮನಾಗಿದ್ದು, ಆ ವರ್ಷ ಸಿಟಿ ಲೀಗ್ ಗೆದ್ದದ್ದು ಕೇವಲ ಗೋಲು ಅಂತರದಿಂದ. ‘ಮುಗಿಯಿತು’ ಎಂಬ ಮಾತಿಗೆ ಮ್ಯಾಂಚಿನಿ ಅಂಟಿಕೊಂಡಿದ್ದರೆ ಆ ಕಪ್ ಬಹುಶಃ ನೆರೆಯ ಯುನೈಟೆಡ್‌ ಪಾಲಾಗುತ್ತಿತ್ತು. ತಾನೇ ಮುಚ್ಚಿದ ಬಾಗಿಲನ್ನು ತಾನೇ ತೆರೆದದ್ದನ್ನು ನಾನು ದೌರ್ಬಲ್ಯ ಎನ್ನುವುದಿಲ್ಲ. ಕ್ಯಾಮೆರಾ ಮುಂದೆ ಕೋಪದಲ್ಲಿ ಆಡಿದ ಮಾತನ್ನು ನುಂಗಿಕೊಳ್ಳಲು ಮ್ಯಾನೇಜರ್‌ಗೂ ಧೈರ್ಯ ಬೇಕು.

ಡ್ರೆಸ್ಸಿಂಗ್ ರೂಮು ಶಿಕ್ಷೆಯನ್ನು ಒಪ್ಪದಿದ್ದರೆ ಏನಾಗುತ್ತದೆ ಎಂಬುದಕ್ಕೆ 2010ರ ವಿಶ್ವಕಪ್‌ನ ಫ್ರಾನ್ಸ್ ತಂಡವನ್ನು ನೋಡಬೇಕು. ಮೆಕ್ಸಿಕೊ ಎದುರಿನ ಪಂದ್ಯದ ವಿರಾಮದಲ್ಲಿ ನಿಕೊಲಾ ಅನೆಲ್ಕಾ ಕೋಚ್ ರೇಮಂಡ್ ಡೊಮೆನೆಕ್ ಅವರನ್ನು ಬೈದರೆಂದು ಪ್ಯಾರಿಸ್‌ನ ಕ್ರೀಡಾ ಪತ್ರಿಕೆಯೊಂದು ಮುಖಪುಟದಲ್ಲೇ ಬರೆಯಿತು. ಅನೆಲ್ಕಾ ಅವರನ್ನು ಮನೆಗೆ ಕಳುಹಿಸಲಾಯಿತು. ಮರುದಿನ, ದಕ್ಷಿಣ ಆಫ್ರಿಕಾದ ನೈಸ್ನಾ ಎಂಬ ಊರಿನಲ್ಲಿ ಅಭ್ಯಾಸಕ್ಕೆ ಬಂದ ಆಟಗಾರರು ಅಭ್ಯಾಸ ಮಾಡದೆ ಬಸ್ಸಿನೊಳಗೆ ಹೋಗಿ ಕುಳಿತರು. ತಮ್ಮ ವಿರುದ್ಧವೇ ಎದ್ದ ಆಟಗಾರರ ಹೇಳಿಕೆಯನ್ನು ಡೊಮೆನೆಕ್ ತಾವೇ ಪತ್ರಕರ್ತರಿಗೆ ಓದಿ ಹೇಳಿದರು. ಒಂದೂ ಪಂದ್ಯ ಗೆಲ್ಲದೆ ತಂಡ ಮರಳಿತು. ಅನೆಲ್ಕಾಗೆ 18 ಪಂದ್ಯಗಳ ನಿಷೇಧ ಬಿತ್ತು. ಗುಟ್ಟಾಗಿ ಉಳಿಯಬೇಕಿದ್ದ ಜಗಳವನ್ನು ಪತ್ರಿಕೆಗೆ ಮುಟ್ಟಿಸಿದವರು ಯಾರು ಎಂಬ ಅನುಮಾನವೇ ಆಟಗಾರರನ್ನು ಹೆಚ್ಚು ಕೆರಳಿಸಿತ್ತು.

ಯುನೈಟೆಡ್‌ನಲ್ಲಿ ಫರ್ಗ್ಯುಸನ್ ನಂತರ ಬಂದವರು ಅವರ ಕೋಲನ್ನು ಎತ್ತಿಕೊಂಡರು, ಫರ್ಗ್ಯುಸನ್‌ಗಿದ್ದ ಅಧಿಕಾರ ಮಾತ್ರ ಇವರಿಗೆ ಸಿಗಲಿಲ್ಲ. ಆಟಗಾರರನ್ನು ಕೊಳ್ಳುವುದು, ಮಾರುವುದು ಈಗ ಬೇರೆ ನಿರ್ದೇಶಕರ ಕೆಲಸ. 2018ರಲ್ಲಿ ಪಾಲ್ ಪೊಗ್ಬಾ ಅವರ ಉಪನಾಯಕತ್ವ ಕಿತ್ತುಕೊಂಡ ಜೋಸೆ ಮೊರಿನ್ಯೊ ಮೂರೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು. 2022ರ ಅಕ್ಟೋಬರ್‌ನಲ್ಲಿ ಟಾಟನಂ ಎದುರು ಬದಲಿಯಾಗಿ ಇಳಿಯಲು ಒಪ್ಪದೆ, ಪಂದ್ಯ ಮುಗಿಯುವ ಮೊದಲೇ ಎದ್ದುಹೋದ ರೊನಾಲ್ಡೊ ಅವರನ್ನು ಎರಿಕ್ ಟೆನ್ ಹಾಗ್ ಚೆಲ್ಸಿ ಪಂದ್ಯದಿಂದ ಹೊರಗಿಟ್ಟರು. ಮುಂದಿನ ತಿಂಗಳು ಟಿ.ವಿ. ಸಂದರ್ಶನದಲ್ಲಿ ಮ್ಯಾನೇಜರ್ ಬಗ್ಗೆ ತನಗೆ ಗೌರವವಿಲ್ಲ ಎಂದ ರೊನಾಲ್ಡೊ ಒಪ್ಪಂದ ನವೆಂಬರ್ 22ರಂದು ರದ್ದಾಯಿತು. ಅಲ್ಲಿ ಕ್ಲಬ್ ಟೆನ್ ಹಾಗ್ ಪರ ಗಟ್ಟಿಯಾಗಿ ನಿಂತಿತು. ಅವರು ಗೆದ್ದರು.

ಜೇಡನ್ ಸ್ಯಾಂಚೊ ವಿಷಯದಲ್ಲಿ ಹಾಗಾಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರಿನ ಪಂದ್ಯಕ್ಕೆ ಅವರನ್ನೇಕೆ ಆರಿಸಲಿಲ್ಲ ಎಂದು ಕೇಳಿದಾಗ, ಅಭ್ಯಾಸದಲ್ಲಿ ಅವರ ಆಟ ಸಾಲದು ಎಂದು ಟೆನ್ ಹಾಗ್ ನೇರವಾಗಿ ಹೇಳಿದರು. ‘ತಂಡಕ್ಕೆ ಆಯ್ಕೆಯಾಗಲಿಲ್ಲ’ ಎಂದಿಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಕೆಲವೇ ಗಂಟೆಗಳಲ್ಲಿ ಸ್ಯಾಂಚೊ ಸಾಮಾಜಿಕ ಜಾಲತಾಣದಲ್ಲಿ ತನ್ನನ್ನು ಬಹುಕಾಲದಿಂದ ಬಲಿಪಶು ಮಾಡಲಾಗಿದೆ ಎಂದು ಬರೆದರು. ಬೆಸ್ಟ್ ಕಾಲದಲ್ಲಿ ಆಟಗಾರನ ಮಾತು ಜನರಿಗೆ ತಲುಪಲು ಪತ್ರಕರ್ತ ಬೇಕಿತ್ತು. ಈಗ ಜೇಬಿನಲ್ಲಿರುವ ಮೊಬೈಲ್ ಸಾಕು. ಕ್ಷಮೆ ಕೇಳದ ಸ್ಯಾಂಚೊ ಅವರನ್ನು ಮೊದಲ ತಂಡದ ಸೌಲಭ್ಯಗಳಿಂದಲೇ ದೂರವಿಡಲಾಯಿತು. ಜನವರಿಯಲ್ಲಿ ಎರವಲು ಒಪ್ಪಂದದ ಮೇಲೆ ಡಾರ್ಟ್‌ಮಂಡ್‌ಗೆ ಹೋದ ಅವರು ಜೂನ್ ಒಂದರಂದು ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದರು. ಅಕ್ಟೋಬರ್‌ನಲ್ಲಿ ಟೆನ್ ಹಾಗ್ ಅವರನ್ನು ಯುನೈಟೆಡ್ ವಜಾ ಮಾಡಿತು.

ಅವರ ಜಾಗಕ್ಕೆ ಬಂದ ರೂಬೆನ್ ಅಮೊರಿಮ್ 2024ರ ಡಿಸೆಂಬರ್‌ನಲ್ಲಿ ಸಿಟಿ ವಿರುದ್ಧದ ಪಂದ್ಯದಿಂದ ಮಾರ್ಕಸ್ ರ‍್ಯಾಶ್‌ಫರ್ಡ್ ಅವರನ್ನು ಕೈಬಿಟ್ಟರು. ತಂಡ 2-1ರಿಂದ ಗೆದ್ದಿತು, ನಿರ್ಧಾರ ಸರಿ ಎನ್ನಿಸಿತು. ಮುಂದಿನ ತಿಂಗಳು, ದಿನವೂ ಪೂರ್ತಿ ಶ್ರಮ ಹಾಕದ ಆಟಗಾರನಿಗಿಂತ ತನ್ನ 63 ವರ್ಷದ ಗೋಲ್‌ಕೀಪಿಂಗ್ ಕೋಚ್‌ನನ್ನು ಬೆಂಚಿನಲ್ಲಿ ಕೂರಿಸುವುದೇ ಮೇಲು ಎಂದು ಅವರು ಮಾಧ್ಯಮದೆದುರು ಹೇಳಿದರು. ಏಳನೆಯ ವಯಸ್ಸಿನಿಂದ ಅದೇ ಕ್ಲಬ್‌ನಲ್ಲಿ ಬೆಳೆದ ಹುಡುಗನ ಬಗ್ಗೆ ಆಡಿದ ಮಾತು ಅದು. ರ‍್ಯಾಶ್‌ಫರ್ಡ್ ಮೊದಲು ಆ್ಯಸ್ಟನ್ ವಿಲ್ಲಾಗೆ, ಅಲ್ಲಿಂದ ಬಾರ್ಸಿಲೋನಾಗೆ ಎರವಲು ಹೋದರು. 2025ರ ಸೆಪ್ಟೆಂಬರ್ 18ರಂದು ಬಾರ್ಸಿಲೋನಾ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಬಂದಿತ್ತು. 2-1ರ ಆ ಗೆಲುವಿನ ಎರಡು ಗೋಲುಗಳನ್ನೂ ಹೊಡೆದದ್ದು ರ‍್ಯಾಶ್‌ಫರ್ಡ್.