ಶಿಕ್ಷೆ ಕೊಟ್ಟ ನ್ಯಾಯಾಲಯಕ್ಕೇ ಮರುನೋಟದ ಅಧಿಕಾರ ಬೇಕು

ಧಾರವಾಡದ ನನ್ನ ಕಚೇರಿಗೆ ಬರುವ ಕೈದಿಗಳ ಕುಟುಂಬದವರು ಕುಳಿತ ಕೂಡಲೇ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಹದಿನಾಲ್ಕು ವರ್ಷ ಮುಗದ್ವು ವಕೀಲ್ರ, ಯಾವಾಗ ಬಿಡ್ತಾರ್ರಿ?" ಜೀವಾವಧಿ ಶಿಕ್ಷೆಯೆಂದರೆ 14 ವರ್ಷ ಎಂಬ ನಂಬಿಕೆ ನಮ್ಮ ಜನರಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಅದು ಹಾಗಲ್ಲ ಎಂದು ತಿಳಿಹೇಳುವುದೇ ನನ್ನ ಮೊದಲ ಕೆಲಸವಾಗುತ್ತದೆ. ಜೀವಾವಧಿಯೆಂದರೆ ಕೈದಿಯ ಉಸಿರಿರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇಂದಿನ ಕಾನೂನಿನಲ್ಲಿ 14ರ ಲೆಕ್ಕ ಸಿಗುವುದು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ 433-ಎ ಕಲಮಿನಲ್ಲಿ, ಅಂದರೆ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮಿನಲ್ಲಿ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರನ್ನು ಅಷ್ಟು ವರ್ಷ ತುಂಬುವ ಮೊದಲು ಸರ್ಕಾರ ಬಿಡುವಂತಿಲ್ಲ ಎಂಬ ತಡೆ ಅದು. ತುಂಬಿದ ಮೇಲೆ ಬಿಡಲೇಬೇಕೆಂಬ ಹಕ್ಕಲ್ಲ.

ಇಷ್ಟು ಹೇಳಿದ ಮೇಲೆ ಅವರು ಕೇಳುವ ಎರಡನೆಯ ಪ್ರಶ್ನೆಗೆ ಉತ್ತರಿಸುವುದು ನನಗೆ ಹೆಚ್ಚು ಕಷ್ಟ. ಶಿಕ್ಷೆ ಕೊಟ್ಟ ಕೋರ್ಟಿಗೇ ಹೋಗಿ ಕೇಳಿಕೊಳ್ಳಬಹುದಲ್ಲ ಎನ್ನುತ್ತಾರೆ. ಹಾಗೆ ಕೇಳಲು ಬರುವುದಿಲ್ಲ. ತೀರ್ಪಿಗೆ ಸಹಿ ಬಿದ್ದ ಮೇಲೆ ಬರವಣಿಗೆಯ ಅಥವಾ ಅಂಕಿಯ ತಪ್ಪನ್ನು ತಿದ್ದುವುದರ ಹೊರತು ನ್ಯಾಯಾಲಯ ಅದನ್ನು ಮುಟ್ಟುವಂತಿಲ್ಲ ಎಂದು ಸಂಹಿತೆಯ 403ನೇ ಕಲಂ, ಹಳೆಯ 362, ಹೇಳುತ್ತದೆ. ಮೇಲ್ಮನವಿಗಳು ಮುಗಿದರೆ ನ್ಯಾಯಾಂಗದ ಬಾಗಿಲು ಮುಚ್ಚಿದಂತೆಯೇ. ಅಲ್ಲಿಂದ ಮುಂದೆ ಶಿಕ್ಷೆಯ ಅವಧಿ ಸರ್ಕಾರದ ಕೈಯಲ್ಲಿ: 473ನೇ ಕಲಮಿನ ಮಾಫಿ, ಅಂದರೆ ಶಿಕ್ಷೆಯ ಉಳಿದ ಭಾಗವನ್ನು ಬಿಟ್ಟುಕೊಡುವುದು, ಇಲ್ಲವೇ ಸಂವಿಧಾನದ 72 ಮತ್ತು 161ನೇ ವಿಧಿಗಳಡಿ ರಾಷ್ಟ್ರಪತಿ, ರಾಜ್ಯಪಾಲರು ಕೊಡುವ ಕ್ಷಮಾದಾನ.

ಈ ವ್ಯವಸ್ಥೆ ಕಡತದ ಮೇಲೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ನನ್ನ ಕಕ್ಷಿದಾರನೊಬ್ಬ ಇಪ್ಪತ್ತಮೂರನೆಯ ವಯಸ್ಸಿಗೆ ಹೊಲದ ಬದುವಿನ ಜಗಳದಲ್ಲಿ ನಡೆದ ಕೊಲೆಗಾಗಿ ಒಳಗೆ ಹೋದವನು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಬಡಗಿ ಕೆಲಸ ಕಲಿತ, ಪೆರೋಲ್ ಮೇಲೆ ಹೋದಾಗಲೆಲ್ಲ ಹೇಳಿದ ದಿನಕ್ಕೆ ಮರಳಿದ, ಜೈಲಿನ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ಒಂದೇ ಒಂದು ಶಿಸ್ತುಭಂಗವಿಲ್ಲ. ಅವನ ಅವಧಿಪೂರ್ವ ಬಿಡುಗಡೆಯ ಅರ್ಜಿ ತಿರಸ್ಕೃತವಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಊರಿನ ಠಾಣೆಯ ವರದಿಯ ಒಂದೇ ಸಾಲು: "ಸದರಿಯವನು ಬಿಡುಗಡೆಯಾದಲ್ಲಿ ಗ್ರಾಮದಲ್ಲಿ ಶಾಂತಿಭಂಗವಾಗುವ ಸಂಭವವಿರುತ್ತದೆ." ಎದುರು ಪಕ್ಷದ ಕುಟುಂಬ ಆ ಊರು ಬಿಟ್ಟು ಅದಾಗಲೇ ಹತ್ತು ವರ್ಷವಾಗಿತ್ತು. ವರದಿ ಬರೆದವರು ಹಳ್ಳಿಗೆ ಹೋಗಿ ಯಾರನ್ನಾದರೂ ವಿಚಾರಿಸಿದ್ದರೆ ಮೊದಲ ಮನೆಯಲ್ಲೇ ಈ ಸಂಗತಿ ತಿಳಿಯುತ್ತಿತ್ತು. ಆ ಸಾಲನ್ನು ಪ್ರಶ್ನಿಸಲು ನಮಗೆ ಸಾಕ್ಷಿಕಟ್ಟೆ ಇರಲಿಲ್ಲ, ಪಾಟೀಸವಾಲು ಇರಲಿಲ್ಲ, ಕೊನೆಗೆ ಆ ಕಾಗದದ ಪ್ರತಿಗೂ ಬೇರೆ ಅರ್ಜಿ ಹಾಕಬೇಕಾಯಿತು. ಒಬ್ಬ ಮನುಷ್ಯನ ಉಳಿದ ಬದುಕನ್ನು ಹೀಗೆ ತೀರ್ಮಾನಿಸುವುದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ.

ಸುಪ್ರೀಂ ಕೋರ್ಟ್ ಇದನ್ನು ಸರಿಪಡಿಸಲು ಪ್ರಯತ್ನಿಸಿಲ್ಲವೆಂದಲ್ಲ. ಅಪರಾಧ ಇಡೀ ಸಮಾಜವನ್ನು ಬಾಧಿಸುವಂಥದ್ದೇ, ಅದು ಮರುಕಳಿಸುವ ಸಂಭವವಿದೆಯೇ, ಕೈದಿಗೆ ಅಪರಾಧ ಮಾಡುವ ಶಕ್ತಿ ಉಳಿದಿದೆಯೇ, ಅವನನ್ನು ಇನ್ನೂ ಒಳಗಿಡುವುದರಿಂದ ಪ್ರಯೋಜನವಿದೆಯೇ, ಕುಟುಂಬದ ಸ್ಥಿತಿ ಹೇಗಿದೆ ಎಂಬ ಐದು ವಿಷಯಗಳನ್ನು ನೋಡಬೇಕೆಂದು ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ 2000ದಲ್ಲಿ ಹೇಳಿತು. ಕಾನೂನಿನ ಪ್ರಕಾರ ಸರ್ಕಾರ ಕೇಳುವ ನ್ಯಾಯಾಧೀಶರ ಅಭಿಪ್ರಾಯ ಕಾಟಾಚಾರದ್ದಾಗಿರದೆ ಈ ಅಂಶಗಳನ್ನು ಚರ್ಚಿಸಿ ಕಾರಣ ಕೊಡಬೇಕೆಂದು 2022ರ ರಾಮ್ ಚಂದರ್ ತೀರ್ಪು ಹೇಳಿತು. ಅದೇ ತೀರ್ಪು, ಮಾಫಿ ಕೊಡುವುದು ಸರ್ಕಾರದ ಅಧಿಕಾರವಾದ್ದರಿಂದ ನ್ಯಾಯಾಲಯ ಹೆಚ್ಚೆಂದರೆ ಮರುಪರಿಶೀಲಿಸಿ ಎನ್ನಬಹುದು ಎಂಬ ಗೆರೆಯನ್ನೂ ಎಳೆಯಿತು. ಅರ್ಜಿ ಬರದಿದ್ದರೂ ನೀತಿಯ ಪ್ರಕಾರ ಅರ್ಹರಾದವರನ್ನು ಸರ್ಕಾರವೇ ಪರಿಗಣಿಸಬೇಕೆಂದು 2025ರ ಫೆಬ್ರುವರಿಯಲ್ಲಿ ಆದೇಶವಾಗಿದೆ. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ನಿರ್ಣಯ ಮಾಡುವ ಕೈ ಬದಲಾಗಿಲ್ಲ.

ಇದಕ್ಕಿಂತ ಬಿಗಿಯಾದ ಗಂಟೊಂದಿದೆ, ಅದು ಬಿದ್ದದ್ದು ಕರ್ನಾಟಕದ ಪ್ರಕರಣದಿಂದಲೇ. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಯನ್ನು ರದ್ದುಪಡಿಸಿ, ಮಾಫಿಗೆ ಅವಕಾಶವಿಲ್ಲದಂತೆ ಬದುಕಿರುವವರೆಗೆ ಸೆರೆವಾಸ ಎಂದು ಆದೇಶಿಸಿತು. 14 ವರ್ಷಕ್ಕೂ ಗಲ್ಲಿಗೂ ನಡುವಿನ ಅಂತರ ದೊಡ್ಡದು, ಆ ನಡುವಿನ ಜಾಗ ನ್ಯಾಯಾಲಯದ್ದು ಎಂಬುದು ಅದರ ತರ್ಕ. ಗಲ್ಲಿನ ಹಗ್ಗವನ್ನು ತಪ್ಪಿಸಿದ ತರ್ಕವಾದ್ದರಿಂದ ನಾನು ಅದನ್ನು ಗೌರವಿಸುತ್ತೇನೆ. 2015ರಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠ ಈ ಬಗೆಯ ಶಿಕ್ಷೆಯನ್ನು ಬಹುಮತದಿಂದ ಎತ್ತಿಹಿಡಿದು, ಅದನ್ನು ವಿಧಿಸುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಎಂದಿತು. ಪರಿಣಾಮವೇನೆಂದರೆ, 20, 25, 30 ವರ್ಷ ಮಾಫಿಯಿಲ್ಲದೆ ಎಂದು ಬರೆದ ಮೇಲೆ ಆ ಅವಧಿಯಲ್ಲಿ ಸರ್ಕಾರ 473ನೇ ಕಲಂ ಬಳಸುವಂತಿಲ್ಲ, ನ್ಯಾಯಾಲಯ 403ನೇ ಕಲಂ ದಾಟುವಂತಿಲ್ಲ. ಉಳಿಯುವುದು ರಾಜ್ಯಪಾಲರು, ರಾಷ್ಟ್ರಪತಿಗಳು. ಇಪ್ಪತ್ತೈದು ವರ್ಷಗಳ ಆಚೆ ಈ ಮನುಷ್ಯ ಏನಾಗಿರುತ್ತಾನೆ ಎಂಬುದನ್ನು ಶಿಕ್ಷೆಯ ದಿನವೇ ಬಲ್ಲ ನ್ಯಾಯಾಧೀಶರಿಲ್ಲ. ಆ ವರ್ಷಗಳೇ ಹೊಸ ಸಾಕ್ಷ್ಯ, ಅದನ್ನು ಕೇಳುವ ಪೀಠ ಮಾತ್ರ ನಮ್ಮಲ್ಲಿಲ್ಲ.

ಇಂಥ ಪೀಠ ಅಸಾಧ್ಯದ ಕಲ್ಪನೆಯಲ್ಲ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ರೋಮ್ ಶಾಸನದ 110ನೇ ವಿಧಿಯ ಪ್ರಕಾರ, ಶಿಕ್ಷೆಯ ಮೂರನೇ ಎರಡು ಭಾಗ ಅಥವಾ ಜೀವಾವಧಿಯಾದರೆ 25 ವರ್ಷ ಮುಗಿದಾಗ ನ್ಯಾಯಾಲಯವೇ ಶಿಕ್ಷೆಯನ್ನು ಮತ್ತೆ ನೋಡಬೇಕು. ಹಾಗೆ ನೋಡಿ 2015ರಲ್ಲಿ ಕಾಂಗೋದ ಜರ್ಮೇನ್ ಕಟಾಂಗಾನ 12 ವರ್ಷಗಳ ಶಿಕ್ಷೆಯಲ್ಲಿ 3 ವರ್ಷ 8 ತಿಂಗಳು ಇಳಿಸಿತು. ಅದೇ ವರ್ಷ ಥಾಮಸ್ ಲುಬಾಂಗಾನಿಗೆ ಇಳಿಸಲು ಒಪ್ಪಲಿಲ್ಲ. ಅಮೆರಿಕದ ವಾಷಿಂಗ್ಟನ್ ನಗರದ ಕಾನೂನು, 25 ತುಂಬುವ ಮೊದಲು ಅಪರಾಧ ಮಾಡಿ 15 ವರ್ಷ ಸೆರೆಯಲ್ಲಿ ಕಳೆದವರು ನ್ಯಾಯಾಲಯಕ್ಕೆ ಶಿಕ್ಷೆ ಇಳಿಸುವಂತೆ ಅರ್ಜಿ ಹಾಕಲು ಬಿಡುತ್ತದೆ.

ಸತ್ತವರ ಮನೆಯವರ ನೋವಿಗೆ ಬೆಲೆಯಿಲ್ಲವೇ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆಯದು. 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರಕ್ಕೊಳಗಾಗಿ, ತನ್ನ ಕುಟುಂಬದವರನ್ನೂ ಕಳೆದುಕೊಂಡ ಬಿಲ್ಕಿಸ್ ಬಾನೊ ಪ್ರಕರಣವನ್ನು ನೆನೆಯೋಣ. ಮುಂಬೈಯ ವಿಶೇಷ ನ್ಯಾಯಾಧೀಶರು ಬೇಡವೆಂದು ಅಭಿಪ್ರಾಯ ಕೊಟ್ಟಿದ್ದರೂ ಗುಜರಾತ್ ಸರ್ಕಾರ 2022ರ ಆಗಸ್ಟ್ 15ರಂದು 11 ಅಪರಾಧಿಗಳನ್ನು ಬಿಟ್ಟಿತು. ಆ ಅಧಿಕಾರವೇ ಅದಕ್ಕಿರಲಿಲ್ಲವೆಂದು 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆದೇಶವನ್ನು ರದ್ದುಮಾಡಿತು. ಮುಚ್ಚಿದ ಕಡತ ಅರ್ಹನನ್ನು ಒಳಗಿಡುವಂತೆಯೇ ಅನರ್ಹನನ್ನು ಹೊರಗೂ ಬಿಡುತ್ತದೆ. ತೆರೆದ ನ್ಯಾಯಾಲಯದಲ್ಲಿ ಸಂತ್ರಸ್ತರಿಗೆ ನೋಟಿಸ್ ಹೋಗುತ್ತದೆ, ಅವರ ಮಾತು ದಾಖಲಾಗುತ್ತದೆ, ಆದೇಶಕ್ಕೆ ಕಾರಣ ಬರೆಯಬೇಕಾಗುತ್ತದೆ, ಅದರ ಮೇಲೆ ಎರಡೂ ಕಡೆಯವರಿಗೆ ಮೇಲ್ಮನವಿ ಇರುತ್ತದೆ.

ಆದ್ದರಿಂದ ನಾನು ಕೇಳುವುದು 403ನೇ ಕಲಮಿಗೆ ಒಂದು ಅಪವಾದವನ್ನು. 14 ವರ್ಷ ನಿಜವಾಗಿ ಕಳೆದವರ ಅರ್ಜಿಯನ್ನು ಆ ಜಿಲ್ಲೆಯ ಸೆಷನ್ಸ್ ನ್ಯಾಯಾಲಯ, ಮಾಫಿಯಿಲ್ಲದ ಅವಧಿಯ ಶಿಕ್ಷೆಯಾದರೆ ಹೈಕೋರ್ಟ್, ವಿಚಾರಣೆ ನಡೆಸಿ ಶಿಕ್ಷೆ ಇಳಿಸಲು ಅಥವಾ ನಿರಾಕರಿಸಲು ಬರುವಂತಾಗಬೇಕು. ಕೆಲಸದ ಹೊರೆ ಹೆಚ್ಚುತ್ತದೆ, ನಿಜ. ಆದರೆ ಅಭಿಪ್ರಾಯ ಬರೆಯಲು ನ್ಯಾಯಾಧೀಶರು ಈಗಲೂ ಹಳೆಯ ತೀರ್ಪನ್ನು ಓದಲೇಬೇಕು. ಅವರು ಕಾಣದೇ ಉಳಿಯುವುದು ಕೈದಿಯನ್ನು ಮಾತ್ರ.

ಕಳೆದ ಸಲ ಹಿಂಡಲಗಾಕ್ಕೆ ಹೋದಾಗ ಆ ಬಡಗಿ ಕೇಳಿದ: "ಈ ಸಲ ಜಡ್ಜ್ ಸಾಹೇಬ್ರು ನನ್ನ ಒಮ್ಮೆ ಕರಸಿ ನೋಡ್ತಾರೇನ್ರಿ?" ಹಾಗೆ ಕರೆಸಬೇಕೆಂದು 473ನೇ ಕಲಂ ಹೇಳುವುದಿಲ್ಲ ಎಂದೆ. ಹೊಸ ಅರ್ಜಿಯ ಜೊತೆ ಅವನ ನಡತೆಯ ದಾಖಲೆ, ಪೆರೋಲಿನ ತಾರೀಖುಗಳು, ಎದುರು ಪಕ್ಷದವರು ಊರಲ್ಲಿಲ್ಲ ಎಂಬ ಪಂಚಾಯಿತಿಯ ಪತ್ರ ಲಗತ್ತಿಸಿದ್ದೇವೆ. ಅವನು ಮಾಡಿದ ಕುರ್ಚಿಯೊಂದರ ಫೋಟೊ ಸಹ ಇರಲಿ ಎಂದು ಅವನ ತಾಯಿ ತಂದುಕೊಟ್ಟರು. ಅದನ್ನೂ ಸೇರಿಸಿದ್ದೇನೆ.