ಸೇವ್ ಮಾಡಿದ ಆಟ ಬೆಳಗಾದರೆ ಮಾಯ: ಕನ್ಸೋಲ್ ಕೆಟ್ಟಿದೆಯಾ?

ಪ್ರಶ್ನೆ: ಅಮೆರಿಕದಿಂದ ತರಿಸಿದ, ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಕಂಪನಿಯ ಹಳೆ ಗೇಮ್ ಕನ್ಸೋಲ್ ಎನ್‌ಇಎಸ್‌ನಲ್ಲಿ ಶ್ಯಾಡೋಗೇಟ್ ಅನ್ನೋ ಆಟ ಆಡ್ತಾ ಇದ್ದೇನೆ. ಆಟ ಚೆನ್ನಾಗಿ ಓಡುತ್ತದೆ. ಆದರೆ ಸೇವ್ ಮಾಡಿ ಆಫ್ ಮಾಡಿದರೆ ಮರುದಿನ ಮೊದಲಿಂದ ಶುರು. ಕನ್ಸೋಲ್ ರಿಪೇರಿಗೆ ಕೊಡಬೇಕಾ?

ಉತ್ತರ: ಕೊಡಬೇಡಿ. ಕನ್ಸೋಲ್‌ದೇನೂ ತಪ್ಪಿಲ್ಲ. ಆಫ್ ಆದ ಮೇಲೂ ಉಳಿಯುವಂಥ ಮೆಮೊರಿ ಎನ್‌ಇಎಸ್ ಒಳಗೆ ಇಲ್ಲವೇ ಇಲ್ಲ. ನೀವು ಸೇವ್ ಮಾಡಿದ್ದು ಕೂರುವುದು ಕ್ಯಾಸೆಟ್ ಒಳಗಿನ ಒಂದು ಪುಟ್ಟ ರ‍್ಯಾಮ್ ಚಿಪ್‌ನಲ್ಲಿ. ಕರೆಂಟ್ ಇಲ್ಲದಾಗ ಆ ಚಿಪ್ಪನ್ನು ಜೀವಂತ ಇಡುವುದು ಪಕ್ಕದಲ್ಲೇ ಬೆಸುಗೆ ಹಾಕಿರುವ ಒಂದು 3 ವೋಲ್ಟ್ ಸೆಲ್. ಸಿಆರ್2032 ಅಂತಾರಲ್ಲ, ಕಂಪ್ಯೂಟರ್ ಮದರ್‌ಬೋರ್ಡ್‌ನಲ್ಲಿರುವ ಅದೇ ದುಂಡನೆ ಸೆಲ್. ಶ್ಯಾಡೋಗೇಟ್ ಎನ್‌ಇಎಸ್‌ಗೆ ಬಂದದ್ದು 1989ರಲ್ಲಿ. ಸೆಲ್ ಯಾರೂ ಬದಲಿಸಿಲ್ಲ ಅಂದರೆ ಅದಕ್ಕೂ ಸುಮಾರು ಅಷ್ಟೇ ವಯಸ್ಸು. ಇಷ್ಟು ವರ್ಷ ಬಾಳಿದ್ದೇ ಹೆಚ್ಚು.

ಸೆಲ್ ಸತ್ತರೂ ಆಟ ಯಾಕೆ ಓಡುತ್ತದೆ ಅಂದರೆ, ಸ್ವಿಚ್ ಆನ್ ಇದ್ದಾಗ ಚಿಪ್ಪಿಗೆ ಕರೆಂಟ್ ಕೊಡುವುದು ಕನ್ಸೋಲ್. ಆಗ ಸೆಲ್‌ಗೆ ಕೆಲಸವೇ ಇಲ್ಲ. ಇದರಿಂದ ಒಂದು ಸುಲಭದ ಪರೀಕ್ಷೆಯೂ ಸಿಗುತ್ತದೆ. ಆಟ ಸೇವ್ ಮಾಡಿ. ಪವರ್ ಮುಟ್ಟದೆ ರೀಸೆಟ್ ಮಾತ್ರ ಒತ್ತಿ. ಸೇವ್ ಹಾಗೇ ಇದೆಯಾ? ಈಗ ಪವರ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಈಗ ಹೋಗಿದ್ದರೆ ಸೆಲ್‌ನದೇ ತಕರಾರು. ರೀಸೆಟ್‌ಗೇ ಹೋಗಿಬಿಟ್ಟರೆ ಮಾತ್ರ ಬೇರೆ ಕಡೆ ನೋಡಬೇಕು: ಪಿನ್‌ಗಳ ಕೊಳೆ, ಇಲ್ಲವೇ ಚಿಪ್ಪೇ ಕೆಟ್ಟಿರುವುದು. ಕೊಳೆಗೆ ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ಪಿನ್ ಇನ್ನಷ್ಟು ಹಾಳಾಗುತ್ತದೆ. ಇಯರ್‌ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಸೆಲ್ ಬದಲಿಸುವುದು ದೊಡ್ಡ ವಿದ್ಯೆಯಲ್ಲ, ಆದರೆ ಆತುರ ಬೇಡ. ಕ್ಯಾಸೆಟ್‌ನ ಸ್ಕ್ರೂಗಳಿಗೆ ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. 3.8 ಮಿಮೀ ಗೇಮ್‌ಬಿಟ್ ಅನ್ನೋ ವಿಶೇಷ ತುದಿಯ ಸ್ಕ್ರೂಡ್ರೈವರ್ ಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಬಿಚ್ಚಿದ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. ಒಳ್ಳೆ ಸೆಲ್ ಸುಮಾರು 3 ವೋಲ್ಟ್ ತೋರಿಸುತ್ತದೆ. ಅದಕ್ಕಿಂತ ತುಂಬಾ ಕೆಳಗಿದ್ದರೆ ತೆಗೆದುಬಿಡಿ. ಹೊಸದು ತರುವಾಗ ಎರಡೂ ಬದಿಗೆ ಲೋಹದ ಕಾಲು ಅಂಟಿಸಿರುವ ಸೆಲ್ಲನ್ನೇ ಕೇಳಿ. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ. ಬರೀ ಸೆಲ್ ಮೇಲೆ ನೇರವಾಗಿ ಸೋಲ್ಡರಿಂಗ್ ಐರನ್ ಇಡಬೇಡಿ, ಲಿಥಿಯಂ ಸೆಲ್ ಕಾದರೆ ಸಿಡಿಯಬಹುದು. ಪ್ಲಸ್ ಯಾವ ಕಡೆ ಅಂತ ಹಳೆಯದನ್ನು ಕೀಳುವ ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೈ ಪಳಗಿಲ್ಲ ಅನ್ನಿಸಿದರೆ ಮೊಬೈಲ್ ರಿಪೇರಿಯವರ ಹತ್ತಿರ ಮಾಡಿಸಿ, ಅವರಿಗೆ ಇದು ಐದು ನಿಮಿಷದ ಕೆಲಸ.

ಅಮೆರಿಕದ್ದು ಅಂದಿರಿ, ಹಾಗಾಗಿ ಇನ್ನೊಂದು ಮಾತು. ಅದರ ಜೊತೆ ಬಂದ ಅಡಾಪ್ಟರ್ 120 ವೋಲ್ಟ್‌ಗೆ ಮಾಡಿದ್ದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಆಗ ನಿಜಕ್ಕೂ ರಿಪೇರಿಗೆ ಕೊಡಬೇಕಾಗುತ್ತದೆ!

ಆಫ್ ಮಾಡುವ ರೀತಿಯೂ ಮುಖ್ಯ. ಎನ್‌ಇಎಸ್‌ನದೇ ಇನ್ನೊಂದು ಆಟ ಜೆಲ್ಡಾ ಆಡಿದವರಿಗೆ ನೆನಪಿರಬಹುದು, ರೀಸೆಟ್ ಒತ್ತಿ ಹಿಡಿದುಕೊಂಡೇ ಪವರ್ ಆಫ್ ಮಾಡಿ ಅಂತ ಆಟವೇ ಹೇಳುತ್ತಿತ್ತು. ಸುಮ್ನೆ ಹೇಳಿದ್ದಲ್ಲ ಅದು. ಕರೆಂಟ್ ಇಳಿಯುವ ಆ ಒಂದು ಕ್ಷಣದಲ್ಲಿ ಪ್ರೊಸೆಸರ್ ತಾಳ ತಪ್ಪಿ ಸೇವ್ ಜಾಗದಲ್ಲಿ ಏನೇನೋ ಗೀಚಿಬಿಡಬಹುದು. ರೀಸೆಟ್ ಹಿಡಿದರೆ ಅದು ಸುಮ್ಮನಿರುತ್ತದೆ. ಶ್ಯಾಡೋಗೇಟ್‌ಗೂ ಇದೇ ಅಭ್ಯಾಸ ಮಾಡಿಕೊಳ್ಳಿ, ನಷ್ಟವೇನಿಲ್ಲ.

ಶ್ಯಾಡೋಗೇಟ್ ಇಷ್ಟಪಡುವವರು ಸಿಗುವುದೇ ಅಪರೂಪ, ನನಗಂತೂ ಖುಷಿ. ಓಡುವುದಿಲ್ಲ, ಹಾರುವುದಿಲ್ಲ. ಕೋಟೆಯ ಒಂದೊಂದೇ ಕೋಣೆ ನೋಡಿ, ತೆರೆ, ಎತ್ತಿಕೊ, ಬಳಸು ಅಂತ ಆರಿಸುತ್ತಾ ಹೋಗುವುದು. ಪಂಜುಗಳಿಗೆ ಲೆಕ್ಕ ಇದೆ, ಎಲ್ಲ ಆರಿಹೋದರೆ ಕತ್ತಲಲ್ಲಿ ಎಡವಿ ಬಿದ್ದು ಸಾಯುತ್ತೀರಿ. ಮಾರಿಯೋ ಅಬ್ಬರದ ನಡುವೆ ಇಂಥ ಆಟ ಮೂಲೆಗೆ ಸರಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೊಸ ಸೆಲ್ ಹಾಕಿಸಿದ ಮೇಲೆ ಸ್ಟಾರ್‌ಟ್ರಾಪಿಕ್ಸ್ ಹುಡುಕಿ. 1990ರದು. ನಿಂಟೆಂಡೊದ್ದೇ ಆಟ, ಜಪಾನಿನವರೇ ಮಾಡಿದ್ದು, ಆದರೂ ಆಗ ಜಪಾನಿನಲ್ಲಿ ಬಿಡುಗಡೆ ಮಾಡಲೇ ಇಲ್ಲ. ನಿರ್ದೇಶಕ ಗೆನ್ಯೊ ತಕೆಡಾ. ಜೆಲ್ಡಾದಲ್ಲಿ ಹೆಸರಾದ ಬ್ಯಾಟರಿ ಸೇವ್ ವ್ಯವಸ್ಥೆಯ ಹಿಂದೆ ಇದ್ದ ಎಂಜಿನಿಯರ್ ಕೂಡ ಇವರೇ. ಈ ಕ್ಯಾಸೆಟ್ಟಲ್ಲಿ ಬೇರೆ ರ‍್ಯಾಮ್ ಚಿಪ್ ಹುಡುಕಬೇಡಿ, ಸಿಗುವುದಿಲ್ಲ. ಎಂಎಂಸಿ6 ಅನ್ನೋ ಚಿಪ್ಪಿನೊಳಗೇ 1 ಕಿಲೋಬೈಟ್ ಜಾಗ ಇದೆ, ಸೇವ್ ಎಲ್ಲ ಅಷ್ಟರಲ್ಲೇ. ಸೆಲ್ ಮಾತ್ರ ಇದಕ್ಕೂ ಬೇಕು.

ಮೈಕ್ ಅನ್ನೋ ಹುಡುಗ ಕಾಣೆಯಾದ ಪುರಾತತ್ವಜ್ಞ ಅಂಕಲ್‌ನನ್ನು ಹುಡುಕಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾನೆ, ಕೈಯಲ್ಲಿ ಆಯುಧ ಅಂತ ಒಂದು ಯೋಯೋ. ನಡುವೆ ಒಂದು ಕಡೆ ಜಲಾಂತರ್ಗಾಮಿ ಕೋಡ್ ಕೇಳುತ್ತದೆ. ಆ ಕೋಡ್ ಆಟದಲ್ಲಿ ಎಲ್ಲೂ ಇಲ್ಲ! ಡಬ್ಬಿಯ ಜೊತೆ ಅಂಕಲ್ ಬರೆದ ನಿಜವಾದ ಒಂದು ಕಾಗದ ಬರುತ್ತಿತ್ತು, ಅದನ್ನು ನೀರಲ್ಲಿ ಅದ್ದಿದರೆ ಅಂಕಿ ಮೂಡುತ್ತಿತ್ತು. ಬರೀ ಕ್ಯಾಸೆಟ್ ಬಾಡಿಗೆಗೆ ತಂದ ಮಕ್ಕಳು ಅಲ್ಲೇ ಸಿಕ್ಕಿಬಿದ್ದು ಒದ್ದಾಡಿದರು. ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಕೊಳ್ಳುವ ನಿಮಗೂ ಆ ಕಾಗದ ಸಿಗುವುದು ಕಷ್ಟ. ಅಲ್ಲಿ ನಿಂತುಬಿಟ್ಟರೆ ಕ್ಯಾಸೆಟ್ ಕೆಟ್ಟಿದೆ ಅಂತ ಮತ್ತೆ ಸ್ಕ್ರೂ ಬಿಚ್ಚಬೇಡಿ, 747 ಅಂತ ಹಾಕಿ ಮುಂದೆ ಹೋಗಿ.