ಹೆಬ್ಬೆರಳಿನಲ್ಲಿ ಉಳಿದ ಗ್ರಹ

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೆ ಕಾಲಿಡುವವರು ಕಡಿಮೆ. ಕಿಟಕಿಗೆ ಕೂರಿಸಿದ ಕೂಲರ್‌ನ ಸದ್ದಿನ ನಡುವೆ ಅಣ್ಣನ ಮಗ ತನ್ನ ವಿಡಿಯೋ ಗೇಮ್ ಯಂತ್ರವಾದ ನಿಂಟೆಂಡೊ ಸ್ವಿಚ್‌ನ ಕಂಟ್ರೋಲರ್ ಅನ್ನು ನನ್ನ ಕೈಗಿತ್ತು, ನಾನು ವರ್ಷಗಳಿಂದ ಅವನೆದುರು ಹೊಗಳುತ್ತ ಬಂದಿದ್ದ ‘ಮೆಟ್ರಾಯ್ಡ್ ಪ್ರೈಮ್’ ಆಟದ ಹೊಸ ಆವೃತ್ತಿಯನ್ನು ತೆರೆದಿಟ್ಟ. ಒಂದು ಕಾಲಕ್ಕೆ ಈ ಆಟದ ಮೂಲೆಮೂಲೆಯನ್ನೂ ಬಲ್ಲವನಾಗಿದ್ದ ನಾನು ಮೊದಲ ಬಾಗಿಲನ್ನೇ ದಾಟಲಾರದೆ ಗೋಡೆಗೆ ಮುಖ ಮಾಡಿ ನಿಂತೆ. ತಿರುಗಬೇಕೆಂದು ಕಂಟ್ರೋಲರಿನ ಎಡ ಸ್ಟಿಕ್ಕನ್ನು, ಅಂದರೆ ಹೆಬ್ಬೆರಳಿನಿಂದ ಹೊರಳಿಸುವ ಪುಟ್ಟ ಹಿಡಿಕೆಯನ್ನು, ಎಡಕ್ಕೆ ಒತ್ತಿದರೆ ಪಾತ್ರವು ತಿರುಗುವ ಬದಲು ಏಡಿಯಂತೆ ಪಕ್ಕಕ್ಕೆ ಸರಿಯುತ್ತಿತ್ತು; ನನ್ನ ಬಲಗೈ ಹೆಬ್ಬೆರಳು ಬಟನ್ನಿನ ಮೇಲೆ ಸುಮ್ಮನೆ ಕುಳಿತಿತ್ತು.

“ಕಾಕಾ, ಬಲಗೈದು ಸ್ಟಿಕ್ ಯಾಕ ಮುಟ್ಟವಲ್ರಿ? ನೋಡ್ಲಾಕ ಅದೇ ಬೇಕಲ್ಲ!” ಎಂದ ಅವನು.

ಆಟ ನನಗೆ ಮರೆತಿರಲಿಲ್ಲ. ನಕ್ಷೆ, ಸಂಗೀತ, ಯಾವ ಕೋಣೆಯ ಯಾವ ಗೋಡೆಯ ಹಿಂದೆ ಏನು ಅಡಗಿದೆ ಎಂಬುದು, ಎಲ್ಲವೂ ನೆನಪಿತ್ತು. ತಕರಾರು ಎದ್ದದ್ದು ನೆನಪಿನ ಇನ್ನೊಂದು ಕೋಣೆಯಿಂದ, ಅಂದರೆ ಕೈಯಿಂದ.

ಮೆಟ್ರಾಯ್ಡ್ ಸರಣಿ 1986ರಲ್ಲಿ ಜಪಾನಿನಲ್ಲಿ ಶುರುವಾದದ್ದು. ಬಹುಕಾಲ ಅದು ಪಕ್ಕದಿಂದ ಕಾಣುವ ಚಪ್ಪಟೆ ಚಿತ್ರದ ಆಟವಾಗಿಯೇ ಇತ್ತು. ಅಮೆರಿಕದ ಆಸ್ಟಿನ್ ನಗರದ ರೆಟ್ರೋ ಸ್ಟುಡಿಯೋಸ್ ಅದನ್ನು ಮೂರು ಆಯಾಮಕ್ಕೆ ತಂದಾಗ, ನಿಂಟೆಂಡೊದ ಶಿಗೇರು ಮಿಯಾಮೊಟೊ ಅವರ ಸಲಹೆಯಂತೆ, ಆಟಗಾರ ಜಗತ್ತನ್ನು ನಾಯಕಿ ಸಾಮಸ್ ಅರಾನ್‌ಳ ಶಿರಸ್ತ್ರಾಣದ ಗಾಜಿನೊಳಗಿನಿಂದಲೇ ನೋಡುವಂತಾಯಿತು. 2002ರ ನವೆಂಬರ್‌ನಲ್ಲಿ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂದ ಈ ಆಟವನ್ನು ನಿಂಟೆಂಡೊ ಗುಂಡು ಹಾರಿಸುವ ಆಟವೆನ್ನದೆ ಸಾಹಸದ ಆಟವೆಂದು ಕರೆಯಿತು. ಕರೆದದ್ದು ಸರಿಯೂ ಆಗಿತ್ತು. ಟ್ಯಾಲನ್ 4 ಎಂಬ ಗ್ರಹದ ಪಾಳುಬಿದ್ದ ಗುಡಿಗಳಲ್ಲಿ, ಹಿಮದ ಕಣಿವೆಗಳಲ್ಲಿ ಓದುವುದು, ಹುಡುಕುವುದು, ದಾರಿ ತಪ್ಪುವುದೇ ಅಲ್ಲಿನ ಮುಖ್ಯ ಕೆಲಸ.

ನಮ್ಮ ಮನೆಗೆ ಅದನ್ನು ತಂದುಕೊಟ್ಟವರು ಅಮೆರಿಕದಲ್ಲಿದ್ದ ನೆಂಟರು. ಅಲ್ಲಿನ 120 ವೋಲ್ಟ್ ಅಡಾಪ್ಟರನ್ನು ನಮ್ಮ 230 ವೋಲ್ಟ್ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿದ್ದರೆ ಕಥೆ ಅಂದೇ ಮುಗಿಯುತ್ತಿತ್ತು. ಸೂಪರ್ ಮಾರ್ಕೆಟ್ಟಿನ ಒಂದು ಅಂಗಡಿಯಲ್ಲಿ ಕೊಂಡ, ಇಟ್ಟಿಗೆಯಷ್ಟು ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಆಟದುದ್ದಕ್ಕೂ ಗುಂಯ್‌ಗುಡುತ್ತ ಟಿವಿಯ ಪಕ್ಕದಲ್ಲಿ ಬಿಸಿಯಾಗುತ್ತಿತ್ತು. ಕರೆಂಟು ಹೋದರೆ ಆಟವನ್ನು ಉಳಿಸಿಟ್ಟ ಹಿಂದಿನ ಸೇವ್ ಸ್ಟೇಷನ್ನಿನಿಂದ ಮತ್ತೆ ಮೊದಲಾಗಬೇಕು. ಆ ಬೇಸಿಗೆಗಳಲ್ಲಿ ಕೆಲವು ಕೋಣೆಗಳನ್ನು ನಾನು ಎಷ್ಟು ಸಲ ದಾಟಿದೆನೋ ಲೆಕ್ಕವಿಲ್ಲ. ಕೈಗೆ ಪಾಠ ಅಷ್ಟು ಚೆನ್ನಾಗಿ ಬಾಯಿಪಾಠವಾದದ್ದಕ್ಕೆ ವಿದ್ಯುತ್ ಇಲಾಖೆಯ ಪಾಲೂ ಇದೆ ಎನ್ನಬೇಕು.

ಹಳೆಯ ವಿಧಾನದಲ್ಲಿ ಎಡ ಸ್ಟಿಕ್ ಒಂದೇ ನಡೆಯುವ ಕೆಲಸವನ್ನೂ ತಿರುಗುವ ಕೆಲಸವನ್ನೂ ಮಾಡುತ್ತಿತ್ತು. ಮೇಲೆ ನೋಡಬೇಕಾದರೆ ನಿಂತು, ಆರ್ ಬಟನ್ ಒತ್ತಿ ಹಿಡಿದು, ಅದೇ ಸ್ಟಿಕ್ಕಿನಿಂದ ಕತ್ತೆತ್ತಬೇಕು. ಇದು ಎಷ್ಟು ವಿಚಿತ್ರವೆಂಬುದು ತಿಳಿಯಲು ನಮ್ಮ ಕೋಟೆಯೊಳಗಿನ ಜಾಮಾ ಮಸೀದಿಗೆ ಹೋಗಿ ಬರಬೇಕು. 1367ರ ಆ ಕಟ್ಟಡದ ನಡುವೆ ಹಲವು ಮಸೀದಿಗಳಲ್ಲಿರುವಂತಹ ಬಯಲು ಅಂಗಳವಿಲ್ಲ. ಇಡೀ ಜಾಗಕ್ಕೆ ಮೇಲ್ಛಾವಣಿಯಿದ್ದು, ಕಮಾನುಗಳ ಸಾಲುಗಳು ಒಂದರ ಹಿಂದೊಂದು ಸರಿಯುತ್ತ ಹೋಗುತ್ತವೆ. ಅಲ್ಲಿ ನಡೆಯುವವನ ಕಾಲು ನೇರ ಮುಂದಕ್ಕೆ ಹೋಗುತ್ತಿದ್ದರೂ ಕತ್ತು ಎಡಬಲದ ಕಮಾನುಗಳತ್ತ ತನ್ನಷ್ಟಕ್ಕೆ ಹೊರಳುತ್ತದೆ, ಗುಮ್ಮಟದ ಕೆಳಗೆ ಬಂದಾಗ ಮೇಲೇಳುತ್ತದೆ. ಕಾಲಿನ ಲೆಕ್ಕವೇ ಬೇರೆ, ಕತ್ತಿನ ಲೆಕ್ಕವೇ ಬೇರೆ. ಗಣಿತದ ಮಾತಿನಲ್ಲಿ, ನೆಲದ ಮೇಲಿನ ಚಲನೆಗೆ ಎರಡು ಸಂಖ್ಯೆ ಬೇಕು, ನೋಟದ ದಿಕ್ಕಿಗೆ ಇನ್ನೆರಡು. ಒಂದು ಸ್ಟಿಕ್ ಒಂದು ಕ್ಷಣದಲ್ಲಿ ಕೊಡಬಲ್ಲದ್ದು ಎರಡೇ ಸಂಖ್ಯೆ. ಹಳೆಯ ಸಾಮಸ್‌ಳ ಕತ್ತನ್ನು ಸೊಂಟಕ್ಕೆ ಬೆಸುಗೆ ಹಾಕಿದಂತಿದ್ದುದು ಈ ಕೊರತೆಯಿಂದ.

ಗೇಮ್‌ಕ್ಯೂಬ್ ಕಂಟ್ರೋಲರಿನಲ್ಲಿ ಎರಡನೆಯ ಸ್ಟಿಕ್ ಇರಲಿಲ್ಲವೆಂದಲ್ಲ. ಹಳದಿ ಬಣ್ಣದ ಪುಟ್ಟದೊಂದು ಇತ್ತು, ಆದರೆ ಅದನ್ನು ನಾಲ್ಕು ಬಗೆಯ ಆಯುಧಗಳನ್ನು ಬದಲಿಸಲು ಮೀಸಲಿಟ್ಟಿದ್ದರು. ಎರಡು ಸ್ಟಿಕ್ಕಿನ ವಿಧಾನ ಆಗಿನ್ನೂ ಎಲ್ಲರಿಗೂ ರೂಢಿಯಾಗಿರಲಿಲ್ಲ. 2000ದಲ್ಲಿ ಪ್ಲೇಸ್ಟೇಷನ್ನಿಗೆ ಬಂದ ‘ಏಲಿಯನ್ ರೆಸರಕ್ಷನ್’ ಆಟ ಇಂದಿನಂತೆಯೇ ಒಂದು ಸ್ಟಿಕ್ಕನ್ನು ನಡಿಗೆಗೂ ಇನ್ನೊಂದನ್ನು ನೋಟಕ್ಕೂ ಕೊಟ್ಟಾಗ, ಆಟದಲ್ಲಿ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಅದರ ನಿಯಂತ್ರಣವೇ ಎಂದು ಒಬ್ಬ ವಿಮರ್ಶಕರು ಬರೆದಿದ್ದರು. ಮರುವರ್ಷ ‘ಹೇಲೊ’ ಬಂದು ಅದನ್ನೇ ಜನಪ್ರಿಯಗೊಳಿಸಿತು. ಇಂದಿನ ಮಕ್ಕಳಿಗೆ ಅದು ಹುಟ್ಟುಗುಣವೆಂಬಷ್ಟು ಸಹಜ.

ಒಂದೇ ಸ್ಟಿಕ್ಕಿನಿಂದ ಹೋರಾಡುವುದು ಹೇಗೆ ಎಂಬ ಪ್ರಶ್ನೆಗೆ ರೆಟ್ರೋದವರು ಕಂಡುಕೊಂಡ ಉತ್ತರ ಮಾತ್ರ ನನಗೆ ಇಂದಿಗೂ ಬೆರಗು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಒಂದು ನಿಯಮವನ್ನು ಮುಂದಿಟ್ಟಿದ್ದರು: ಕೈಯನ್ನು ಒಂದು ಗುರಿಗೆ ಒಯ್ಯಲು ಬೇಕಾಗುವ ಸಮಯವು ಗುರಿಯ ದೂರ ಮತ್ತು ಅಗಲಗಳ ಅನುಪಾತವನ್ನು ಅವಲಂಬಿಸಿ ಲಾಗರಿದಮ್ಮಿನಂತೆ ಏರುತ್ತದೆ, ಅಂದರೆ ದೂರವನ್ನು ಇಮ್ಮಡಿಗೊಳಿಸಿದರೂ ಅಗಲವನ್ನು ಅರ್ಧಗೊಳಿಸಿದರೂ ಸಮಯಕ್ಕೆ ಕೂಡಿಕೊಳ್ಳುವ ಮೊತ್ತ ಒಂದೇ. ಹಾರಾಡುವ ಸಣ್ಣ ಹುಳುವಿನಂತಹ ಶತ್ರು ಈ ನಿಯಮದ ಪ್ರಕಾರ ಅತಿ ದುಬಾರಿ ಗುರಿ. ಆದರೆ ಎಲ್ ಬಟನ್ ಒತ್ತಿ ಹಿಡಿದರೆ ಸಾಮಸ್‌ಳ ನೋಟ ಶತ್ರುವಿಗೆ ಅಂಟಿಕೊಳ್ಳುತ್ತಿತ್ತು. ಗುರಿ ಹಿಡಿಯುವ ಹೊರೆಯನ್ನು ಯಂತ್ರವೇ ಹೊರುತ್ತಿತ್ತು. ಅದೇ ಗಳಿಗೆಯಲ್ಲಿ ಎಡ ಸ್ಟಿಕ್ಕಿನ ಅರ್ಥವೂ ಬದಲಾಗಿ, ತಿರುಗಿಸುತ್ತಿದ್ದ ಚಲನೆ ಶತ್ರುವಿನ ಸುತ್ತ ಪ್ರದಕ್ಷಿಣೆ ಹಾಕಿಸುವ ಚಲನೆಯಾಗುತ್ತಿತ್ತು. ಕೈಯ ಬಡತನವನ್ನು ಮರೆಮಾಚದೆ ಅದರ ಸುತ್ತಲೇ ಆಟವನ್ನು ಕಟ್ಟಿದ್ದರು. ಶತ್ರುಗಳು ಅಷ್ಟು ದೂರದೂರ ನಿಂತು, ಒಬ್ಬೊಬ್ಬರಾಗಿ ಬರುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ಈ ಬೇಸಿಗೆಯಲ್ಲಿ.

2023ರ ಫೆಬ್ರವರಿ 8ರಂದು ಬಂದ ‘ರಿಮಾಸ್ಟರ್ಡ್’ ಆವೃತ್ತಿ ಎರಡು ಸ್ಟಿಕ್ಕಿನ ವಿಧಾನವನ್ನು ಕೊಟ್ಟಿದೆ. ಬೇಕೆಂದವರಿಗೆ ಹಳೆಯದೂ ಮೆನುವಿನಲ್ಲಿದೆ. ಆದರೆ ನನ್ನ ಹೆಬ್ಬೆರಳಿಗೆ ಮೆನು ಓದಲು ಬರುವುದಿಲ್ಲ.

ಅವ್ವ ಜೋಳದ ರೊಟ್ಟಿ ಬಡಿಯುವಾಗ ಗಮನಿಸಿದ್ದೇನೆ. ಅಂಗೈ ಬಡಿಯುತ್ತಿರುತ್ತದೆ, ರೊಟ್ಟಿ ತನ್ನಷ್ಟಕ್ಕೆ ತಿರುಗುತ್ತ ಅಗಲವಾಗುತ್ತದೆ, ಕಣ್ಣು ಒಲೆಯ ಮೇಲಿರುತ್ತದೆ, ಮಾತು ನೆರೆಮನೆಯವರೊಂದಿಗೆ. ಎಷ್ಟು ಬಡಿತಕ್ಕೊಮ್ಮೆ ರೊಟ್ಟಿಯನ್ನು ತಿರುಗಿಸುತ್ತೀ ಎಂದು ಕೇಳಿದ್ದೇ ತಡ ಕೈ ನಿಂತುಬಿಟ್ಟಿತು. “ಏನ್ ಕೇಳ್ತಿಯೋ, ಅಂಚು ಹರದು ಹೋತು ನೋಡು,” ಎಂದಳು. ಗೊತ್ತಿದ್ದದ್ದು ಕೈಗೆ, ಕೇಳಿದ್ದು ಬಾಯನ್ನು.

ಈ ಎರಡು ಬಗೆಯ ಅರಿವು ಮಿದುಳಿನಲ್ಲಿ ಬೇರೆಬೇರೆ ಎಂಬುದಕ್ಕೆ ಬಲವಾದ ಪುರಾವೆ ಕೊಟ್ಟವರು ಹೆನ್ರಿ ಮೊಲೈಸನ್. 1953ರಲ್ಲಿ ಮೂರ್ಛೆರೋಗಕ್ಕೆ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಅವರ ಮಿದುಳಿನ ಎರಡೂ ಬದಿಯ, ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದ ಮೇಲೆ, ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲದಾದವು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಕನ್ನಡಿಯಲ್ಲಷ್ಟೇ ಕೈ ಕಾಣುವಂತೆ ಮಾಡಿ, ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸುವ ಕೆಲಸವನ್ನು ಅವರಿಗೆ ಕೊಟ್ಟರು. ಮೂರು ದಿನಗಳಲ್ಲಿ ಕೈ ನುರಿತುಕೊಂಡಿತು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ. ನನ್ನ ಪಾಡು ಇದರ ತಿರುಗುಮುರುಗು: ಟ್ಯಾಲನ್ 4ರ ನೆನಪೆಲ್ಲ ತಲೆಯಲ್ಲಿದೆ, ಕೈ ಹೊಸದಾಗಿ ಕಲಿಯಬೇಕಾಗಿದೆ.

ಕೈಯ ಕಲಿಕೆಯಲ್ಲಿ ತಲೆಬುರುಡೆಯ ಹಿಂಬದಿಯ ಕಿರುಮೆದುಳಿಗೆ ದೊಡ್ಡ ಪಾತ್ರವಿದೆ. ಮಿದುಳಿನ ಸುಮಾರು 8600 ಕೋಟಿ ನರಕೋಶಗಳಲ್ಲಿ ಹೆಚ್ಚಿನವು ಇರುವುದು ಅಲ್ಲಿಯೇ. ಬೆರಳು ಹೀಗೆ ಒತ್ತಿದರೆ ಕಣ್ಣಿಗೆ ಏನು ಕಾಣಬೇಕೆಂದು ಅದು ಮೊದಲೇ ಊಹಿಸುತ್ತದೆ. ಕಂಡದ್ದಕ್ಕೂ ಊಹಿಸಿದ್ದಕ್ಕೂ ಅಂತರವಿದ್ದರೆ ಮುಂದಿನ ಸಲದ ಆಜ್ಞೆಯನ್ನು ಇಷ್ಟಿಷ್ಟೇ ತಿದ್ದುತ್ತದೆ. ನಾನು ಏಡಿಯಂತೆ ಪಕ್ಕಕ್ಕೆ ಸರಿದಾಗಲೆಲ್ಲ ಇಂತಹ ಒಂದು ತಿದ್ದುಪಡಿ ನಡೆಯುತ್ತಿತ್ತು. ಸಣ್ಣದೊಂದು ವ್ಯತ್ಯಾಸ ಟಿವಿಯಲ್ಲೂ ಇತ್ತು. ಆಟ ಆಗಲೂ ಈಗಲೂ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ಅಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. ಹಳೆಯ ಡಬ್ಬಾ ಟಿವಿ ಬಂದ ಚಿತ್ರವನ್ನು ಬಂದಂತೆಯೇ ತೋರಿಸುತ್ತಿತ್ತು. ಈಗಿನ ಚಪ್ಪಟೆ ಟಿವಿ ಚಿತ್ರಕ್ಕೆ ಒಪ್ಪ ಕೊಡಲು ಹೋಗಿ ತಡಮಾಡುತ್ತದೆ. ಆ ಒಪ್ಪವನ್ನು ಕಡಿಮೆ ಮಾಡುವ ಟಿವಿಯ ಗೇಮ್ ಮೋಡ್ ಹಾಕಿದ ಮೇಲೆ ಸ್ವಲ್ಪ ಸಲೀಸಾಯಿತು.

ಮೊದಲ ದಿನ ನಾನು ಒಂದು ಪೆದ್ದುತನ ಮಾಡಿದೆ. ಎರಡನ್ನೂ ಹೋಲಿಸಿ ನೋಡೋಣವೆಂದು ಗಳಿಗೆಗೊಮ್ಮೆ ಹಳೆಯ ವಿಧಾನಕ್ಕೂ ಹೊಸದಕ್ಕೂ ಜಿಗಿಯುತ್ತಿದ್ದೆ. ಸಂಜೆಯವರೆಗೆ ಆಡಿದರೂ ಹೊಸದು ಕೈಗೆ ಹತ್ತಲಿಲ್ಲ. 1996ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ಕೈಯನ್ನು ಪಕ್ಕಕ್ಕೆ ತಳ್ಳುವ ಯಾಂತ್ರಿಕ ಹಿಡಿಕೆಯೊಂದನ್ನು ನಿಭಾಯಿಸಲು ಜನರಿಗೆ ಕಲಿಸಿದ್ದರು. ಕಲಿತ ಕೂಡಲೇ ಬೇರೆ ರೀತಿ ತಳ್ಳುವ ಹಿಡಿಕೆಯನ್ನು ಕೊಟ್ಟಾಗ ಮೊದಲ ಕಲಿಕೆ ಕೆಟ್ಟಿತು. ನಡುವೆ ನಾಲ್ಕು ಗಂಟೆ ಬಿಟ್ಟಾಗ ಉಳಿಯಿತು. ಹಸಿ ಗೋಡೆಗೆ ಕೈಯಿಟ್ಟಂತೆ ನಾನು ಮಾಡಿದ್ದೆ. ನನ್ನ ಹಳೆಯ ರೂಢಿ ಎಂದೋ ಗಟ್ಟಿಯಾಗಿತ್ತು. ಪ್ರತಿ ಜಿಗಿತಕ್ಕೂ ಕೆಡುತ್ತಿದ್ದದ್ದು ಹೊಸದು. ಮರುದಿನದಿಂದ ಹೊಸದೊಂದನ್ನೇ ಹಿಡಿದೆ, ಮೂರನೆಯ ದಿನಕ್ಕೆ ಬಲ ಹೆಬ್ಬೆರಳು ಎಚ್ಚರಗೊಂಡಿತು.

ಎಚ್ಚರಗೊಂಡ ಮೇಲೆ ಗ್ರಹವೇ ಚಿಕ್ಕದಾಯಿತು. ಒಂದೊಂದು ಯುದ್ಧಭೂಮಿಯಂತೆ ನೆನಪಿನಲ್ಲಿದ್ದ ಕೋಣೆಗಳು ನಾಲ್ಕು ಹೆಜ್ಜೆಯ ಪಡಸಾಲೆಗಳಾದವು. ಗೂಡಿನಿಂದ ಒಂದರ ಹಿಂದೊಂದು ಹಾರಿಬರುವ ಕಣಜಗಳನ್ನು ಅಣ್ಣನ ಮಗ ಎಲ್ ಬಟನ್ನಿನ ಹಂಗಿಲ್ಲದೆ, ನಡೆಯುತ್ತಲೇ ಉರುಳಿಸಿದ. ನಾನು ವಿಶಾಲವೆಂದು ಹೊಗಳುತ್ತ ಬಂದಿದ್ದರಲ್ಲಿ ಒಂದು ಪಾಲು, ತಿರುಗಲು ನನಗೆ ಹಿಡಿಯುತ್ತಿದ್ದ ಸಮಯವಷ್ಟೇ ಆಗಿತ್ತು. ಹೊಸ ವಿಧಾನವೇ ಉತ್ತಮವೆಂದು ಒಪ್ಪುತ್ತೇನೆ, ಮನುಷ್ಯನ ಮೈಗೆ ಅದು ಹತ್ತಿರ. ಆದರೂ ಮಳೆ ಸುರಿಯುವ ಆ ಮೊದಲ ಬಯಲಿನಲ್ಲಿ ಆರ್ ಬಟನ್ ಹಿಡಿದು, ನಡಿಗೆ ಬಿಟ್ಟು ಕತ್ತೆತ್ತಿ, ಶಿರಸ್ತ್ರಾಣದ ಗಾಜಿನ ಮೇಲೆ ಹನಿಗಳು ಬಿದ್ದು ಜಾರುವುದನ್ನು ನೋಡುತ್ತಿದ್ದ ಆ ಬಿಡುವನ್ನು ಕೊಟ್ಟದ್ದು ಹಳೆಯ ಕಂಟ್ರೋಲರಿನ ಕೊರತೆಯೇ. ಹನಿಗಳು ಈಗಲೂ ಬೀಳುತ್ತವೆ. ಹುಡುಗ ಓಡುತ್ತಲೇ ಒಮ್ಮೆ ಮೇಲೆ ನೋಡಿ, “ಮಸ್ತ್ ಅದ” ಎಂದು ಮುಂದೆ ಹೋದ.

ಆ ರಾತ್ರಿ ಕರೆಂಟು ಹೋಯಿತು. ಸ್ವಿಚ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ ಆಟ ನಿಲ್ಲಲಿಲ್ಲ, ನಿಂತದ್ದು ಕೂಲರ್. ಸ್ವಿಚ್ಚನ್ನು ಟಿವಿಗೆ ಜೋಡಿಸುವ ಡಾಕಿನಿಂದ ಎತ್ತಿಕೊಂಡು ಇಬ್ಬರೂ ಮಾಳಿಗೆಗೆ ಹೋದೆವು. ಮೆನುವಿನಲ್ಲಿ ಹಳೆಯ ವಿಧಾನವನ್ನು ಆರಿಸಿ, ಈಗ ನೀನು ನಡೆಸು ಎಂದು ಅವನ ಕೈಗೆ ಕೊಟ್ಟೆ. ಪರದೆಯ ಬೆಳಕಿನಲ್ಲಿ ಅವನ ಬಲ ಹೆಬ್ಬೆರಳು ಸ್ಟಿಕ್ಕನ್ನು ಅತ್ತಿತ್ತ ತಳ್ಳುವುದು ಕಾಣುತ್ತಿತ್ತು. ಸಾಮಸ್ ಮಾತ್ರ ಒಂದು ಕಂಬಕ್ಕೆ ಮುಖ ಕೊಟ್ಟು ನಿಂತಿದ್ದಳು.

“ಕಾಕಾ, ಇಕಿ ಹೊಳ್ಳಿ ನೋಡವಲ್ಲಳಲ್ಲ!”